ಬಿಸ್ಕತ್ತು ಕೀಲು

ಸಲ್ಮಾಬಾದಿನ ಶೆಡ್ಡಿನಲ್ಲಿ ನಮ್ಮ ಬಿಸ್ಕತ್ತುಗಳಿಗೆ
ಹಾಲಿನಪುಡಿಯ ಹಳೇ ಡಬ್ಬಿ, ತಳದಲ್ಲಿ ಹಿಡಿ ಅಕ್ಕಿ.
ಆಗಸ್ಟಿನ ಗಾಳಿ ಇಲ್ಲಿ ನೀರು ಹೊತ್ತೇ ತಿರುಗುತ್ತದೆ,
ಮುಚ್ಚಳ ಮರೆತರೆ ಸಂಜೆಯೊಳಗೆ ಉಬ್ಬಿ
ಯಾವ ಸೀಳಿಗೂ ಒಲ್ಲೆ ಅನ್ನುತ್ತವೆ.
ಬೀಚ್ ಮರವನ್ನು ಅದುಮಿ ಕೊಯ್ದ ಚೂರು,
ಬಾದಾಮಿಯ ಆಕಾರ, ಹೆಬ್ಬೆರಳಿಗಿಂತ ತುಸು ಅಗಲ.
ಜಹೀರುಲ್ ಮೊದಲ ದಿನ ಒಂದನ್ನು
ಚಹಾದಲ್ಲಿ ಅದ್ದಿ ನೋಡಿದ.
ಲೋಟದೊಳಗೇ ದಪ್ಪಗಾಯಿತು.
ಕಲಿತೆಯಲ್ಲ, ಎಂದೆ. ಇಷ್ಟೇ ವಿದ್ಯೆ.

ಮೇಜು ಮುಹರ್ರಕ್‌ನ ಮನೆಯೊಂದಕ್ಕೆ,
ಹದಿನಾಲ್ಕು ಜನ ಕೂರುವಂಥದ್ದು.
ಮೇಲೆ ವಾಲ್ನಟ್ಟಿನ ತೆಳು ಹೊದಿಕೆ, ಒಳಗೆ ಪ್ಲೈವುಡ್ಡು.
ಪದರ ಪದರ ಬೆತ್ತಲೆ ಕಾಣುವ ಅದರ ಪಕ್ಕೆಗೆ
ಗಟ್ಟಿ ಮರದ ಅಂಚು ಕಟ್ಟಬೇಕು.
ಸೀರೆಗಾದರೆ ಅಂಚು ಮಗ್ಗದಲ್ಲೇ ಹುಟ್ಟುತ್ತದೆ;
ಮೇಜಿಗೆ, ಬೇರೆಲ್ಲೋ ಬೆಳೆದದ್ದನ್ನು ತಂದು
ಇದು ನಿನ್ನದೇ ಎಂದು ನಂಬಿಸಬೇಕು.

ಗೇಣಿಗೊಂದು ಗೀಟು, ಹಲಗೆಗೂ ಪಟ್ಟಿಗೂ ಒಟ್ಟಿಗೆ.
ಮಿಷನ್ನಿನ ತುಟಿಯನ್ನು ಮೇಲ್ಮೈಗೆ ಒತ್ತಿ
(ಎರಡಕ್ಕೂ ಮೇಲ್ಮೈಗೇ, ಒಂದನ್ನು ಅಡಿಯಿಂದ ಹಿಡಿದೆಯೋ ಕೆಟ್ಟೆ)
ಒಂದು ನೂಕು, ಒಂದು ಕಿರುಚು,
ಅಂಚೆಡಬ್ಬಿಯ ಬಾಯಿಯಂಥ ಸೀಳು.
ಅಪ್ಪನಾದರೆ ಇಷ್ಟಕ್ಕೆ ಉಳಿ ಹಿಡಿದು
ಉದ್ದಕ್ಕೂ ಕಾಲುವೆ ತೋಡುತ್ತಿದ್ದ,
ಎರಡು ದಿನ, ಒಂದು ಕಟ್ಟು ಬೀಡಿ.
ನಾನು ಮಧ್ಯಾಹ್ನದ ಬಾಂಗಿನೊಳಗೆ ಎಂಬತ್ತನಾಲ್ಕು ಸೀಳಿದೆ.
ಹೆಮ್ಮೆಪಡಬೇಕೋ ಬೇಡವೋ ತಿಳಿಯಲಿಲ್ಲ.

ಅಂಟು ಸುರಿದ ಮೇಲೆ ಮಾತಿಲ್ಲ, ಹತ್ತೇ ನಿಮಿಷ.
ಬಿಸ್ಕತ್ತು ಅಂಟಿನ ನೀರು ಕುಡಿಯುತ್ತದೆ,
ಸೀಳಿನ ಎರಡು ಗೋಡೆಗೂ ಬೆನ್ನು ಕೊಟ್ಟು ನಿಲ್ಲುತ್ತದೆ.
ಅಂಟುವುದು ಬೇರೆ, ನಂಟಾಗುವುದು ಬೇರೆ.
ಇದು ಅಪ್ಪ ಹೇಳಿದ್ದಲ್ಲ, ಕೆಡಿಸಿ ಕಲಿತದ್ದು.

ಪೌಲೋಸ್ ಮೇಸ್ತ್ರಿಗೆ ಗುರುವಾರವೇ ಲಾರಿ ತುಂಬಬೇಕಿತ್ತು.
ಕ್ಲಾಂಪು ಬಿಚ್ಚಿದ ಗಳಿಗೆಯಲ್ಲೇ ಸ್ಯಾಂಡರ್ ಹಿಡಿದೆ.
ಒಳಗಿನ್ನೂ ಹಸಿ. ಉಬ್ಬಿದ ಮೈಯನ್ನೇ
ಸಮ ಮಾಡಿ ಉಜ್ಜಿದೆ.
ಬೇಡ ಅಂದಿತು ಬೆರಳು.
ಬೆರಳಿನ ಮಾತಿಗೆ ಸಂಬಳವಿಲ್ಲ.
ಪಾಲಿಶ್ ಬಿತ್ತು, ಮೇಜು ಹೋಯಿತು.

ನವೆಂಬರಿನಲ್ಲಿ ಫೋನು.
ಆ ಮನೆಯ ಹಿರಿಯಾಕೆ ಉಮ್ ಜಾಬಿರ್
ಪರದೆ ಸರಿಸಿ ಬೆಳಕನ್ನು ಓರೆಯಾಗಿ ಬಿಟ್ಟಳು.
ಅಂಚಿನುದ್ದಕ್ಕೂ ಬಾದಾಮಿ ಬಾದಾಮಿ ತಗ್ಗು,
ಗೇಣಿಗೊಂದು, ನನ್ನದೇ ಗೀಟಿನ ಲೆಕ್ಕಕ್ಕೆ.
ಒಳಗಿನದು ಒಣಗಿ ಇಳಿದಿತ್ತು, ಮೇಲಿನದು ಅದರ ಹಿಂದೆಯೇ.
ಪೌಲೋಸ್ ಏಸಿಯನ್ನು ಬೈದ, ಸಮುದ್ರವನ್ನು, ಮರದ ಜಾತಿಯನ್ನು.
ಆಕೆ ಕೇಳಲಿಲ್ಲ. ಬೆರಳಿಟ್ಟು ಒಂದು ಬದಿ ಎಣಿಸಿದಳು,
ಹದಿನಾರು. ನನ್ನ ಕಡೆ ತಿರುಗಿದಳು: ಏನಿದು?
ನನಗೆ ಬರುವ ಅರಬ್ಬಿ ಐವತ್ತು ಶಬ್ದ.
ಬಿಸ್ಕುತ್, ಎಂದೆ.

ನನ್ನ ನೋಡಿದಳು, ಪೌಲೋಸನನ್ನು ನೋಡಿದಳು,
ಆಮೇಲೆ ಆ ಅಂಚನ್ನೇ ಹಿಡಿದು ನಕ್ಕಳು,
ಮೈಭಾರವೆಲ್ಲ ಅದರ ಮೇಲೆ ಬಿಟ್ಟು.
ಅಂಚು ಅಲುಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.
ನಗು ಮುಗಿದ ಮೇಲೆ, ಸರಿಮಾಡು, ಎಂದಳು. ದುಡ್ಡಿಲ್ಲ.

ಮರುದಿನ ಜಹೀರುಲ್ ಜೊತೆ ಕೀಸುಳಿ ಹಿಡಿದು ಹೋದೆ.
ಅಂಚಿನ ಮರ ದಪ್ಪ, ಕೀಸಬಹುದು.
ಹಲಗೆಯ ಹೊದಿಕೆ ಕಾಗದದಷ್ಟು, ಮುಟ್ಟುವಂತಿಲ್ಲ.
ಹಾಗಾಗಿ ಒಂದೊಂದರಲ್ಲೂ ಅಂಚಿನ ಕಡೆಯ ಅರ್ಧ ಹೋಯಿತು,
ಹಲಗೆಯ ಕಡೆಯ ಅರ್ಧ ಉಳಿಯಿತು.
ಗೊತ್ತಿದ್ದವರಿಗಷ್ಟೇ ಕಾಣುತ್ತದೆ.
ಗೊತ್ತಿದ್ದವರು ನಾಲ್ಕು ಜನ.