ಆಗಲಿಲ್ಲ

ಬೆಳಗಿನ ಜಾವ ಮೂರಕ್ಕೇ ಆನ್ಸೆಲ್ಮ್ ದೋಣಿಗೆ ಹೋದ.
ಫಂಡಿ ಕೊಲ್ಲಿಯ ಮೇಲೆ ಫೆಬ್ರವರಿ,
ಲಾಬ್‌ಸ್ಟರ್ ಬೋನುಗಳ ಹಗ್ಗ ಸರಳಿನ ಹಾಗೆ ಸೆಟೆದಿರುತ್ತದೆ.
ನನಗೆ ಮತ್ತೆ ನಿದ್ದೆ ಹತ್ತಲಿಲ್ಲ.
ಅಡುಗೆಮನೆಯ ಮೇಜಿನ ಮೇಲೆ ಮೂರು ವಿಜ್ಞಾನಗಳು.
ಒಂದನ್ನು ಆರಿಸಬೇಕು ನಾನು,
ರಸಾಯನಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು.

ಮೊದಲನೆಯದು ನುಣುಪು ಕಾಗದದ್ದು,
ತೆರೆದರೆ ಹೊಸ ಬೂಟಿನ ವಾಸನೆ.
ನಾನು ಆಡಬೇಕಾದ ಮಾತು ಅದರಲ್ಲಿ ನೀಲಿ,
ಮಗು ಆಡಬೇಕಾದ ಮಾತು ಕೆಂಪು.
ಮಂಜುಗಡ್ಡೆ ಏನಾಯಿತು? ಇದು ನೀಲಿ.
ಕರಗಿ ನೀರಾಯಿತು, ಅಮ್ಮಾ! ಇದು ಕೆಂಪು,
ಆ ಉದ್ಗಾರದ ಕಡ್ಡಿಯನ್ನೂ ಅವರೇ ಹಾಕಿಟ್ಟಿದ್ದಾರೆ.
ಸೋಮವಾರ ಮಾಡಿ ನೋಡಿದೆ.
ಬಟ್ಟಲಲ್ಲಿಟ್ಟ ಗಡ್ಡೆಯನ್ನು ಬಝೀಲ್ ಬಾಯಿಗೆ ಹಾಕಿಕೊಂಡು
ಕಟಂ ಎಂದು ಕಡಿದ.
ಏನಾಯಿತು? ಎಂದೆ, ನೀಲಿಯಲ್ಲೇ.
ಅವನು ಉಬ್ಬಿದ ಕೆನ್ನೆಯಲ್ಲಿ ಭುಜ ಹಾರಿಸಿದ.
ಏಳು ವರ್ಷದ ಝೆಲೀ ನೋಟುಬುಕ್ಕಿನಲ್ಲಿ ಬರೆದುಕೊಂಡಳು:
'ಗಡ್ಡೆ ತಮ್ಮನ ಒಳಗಿದೆ. ಮುಂದಿನದು ಕಾಣಿಸುತ್ತಿಲ್ಲ.'

ಎರಡನೆಯದು ಪೆಟ್ಟಿಗೆ. ಅಯಸ್ಕಾಂತ, ಭೂತಗನ್ನಡಿ,
ಹತ್ತಿಯಲ್ಲಿ ಸುತ್ತಿದ ಗಾಜಿನ ನಳಿಕೆಗಳು,
ವಾರಕ್ಕೊಂದು ಅಚ್ಚರಿ ಖಾತರಿ ಎಂಬ ಚೀಟಿ.
ಅಚ್ಚರಿ ಬರದ ವಾರ ದುಡ್ಡು ವಾಪಸ್ಸೋ?
ಎಂದು ಕೇಳಿದಳು ನಾದಿನಿ ಓರೋರ್.
ಪುಸ್ತಕ ಪ್ಯಾರಿಸ್ಸಿನ ಫ್ರೆಂಚಿನಲ್ಲಿದೆ.
ಅದರಲ್ಲಿ ಬಸವನಹುಳ, ದ್ರಾಕ್ಷಿತೋಟ, ಓಕ್ ಮರದ ಅಳಿಲು.
ಇಳಿತ ಬಂದಾಗ ನಮ್ಮ ಅಂಗಳದಾಚೆ ಮೈಲಿಗಟ್ಟಲೆ ತೆರೆದುಕೊಳ್ಳುವ ಕೆಸರಿಗೆ,
ಅದರ ತೂತುತೂತಿನಿಂದ ಪಿಚಕ್ಕನೆ ಉಗುಳುವ ಚಿಪ್ಪಿಗೆ
ಒಂದು ಸಾಲೂ ಇಲ್ಲ.
ನನ್ನ ಅಜ್ಜಿ ಅದಕ್ಕೆ ಇಟ್ಟಿದ್ದ ಹೆಸರನ್ನು ಹೇಳಿದರೆ
ಆ ಪುಸ್ತಕ ಕೆಮ್ಮೀತು.

ನಡುವೆ ಇದೊಂದು ಹೇಳಬೇಕು.
ನಮ್ಮ ಫ್ರೀಜರಿನಲ್ಲಿ, ಐಸ್‌ಕ್ರೀಮ್ ಡಬ್ಬಿಯೊಳಗೆ,
ಸತ್ತ ಸುಂಡಿಲಿ ಒಂದಿದೆ.
ಅಕ್ಟೋಬರಿನಲ್ಲಿ ಝೆಲೀಗೆ ಸಿಕ್ಕಿದ್ದು, ಕಟ್ಟಿಗೆ ರಾಶಿಯ ಹಿಂದೆ.
ಒಮ್ಮೆ ಆನ್ಸೆಲ್ಮ್ ಮೀನಿಗಿಡುವ ಎರೆಯೆಂದು ಎತ್ತಿಕೊಂಡು ಹೊರಟಿದ್ದ,
ಮನೆ ಹಾರಿಹೋಗುವ ಹಾಗೆ ಕಿರುಚಿದಳು.
ಯಾಕೆ ಇಟ್ಟುಕೊಂಡಿದ್ದೀಯೇ, ಎಂದರೆ
ಕಾಯುತ್ತಿದ್ದೇನೆ, ಎಂದಳು.
ಯಾವುದಕ್ಕೆ?
ನೀನು ಪುಸ್ತಕ ಆರಿಸುವುದಕ್ಕೆ.

ಮೂರನೆಯದು ಚರ್ಚಿನ ನೆಲಮಾಳಿಗೆಯ ಹಳೇ ಸಾಮಾನಿನ ಮಾರಾಟದಲ್ಲಿ
ಎರಡು ಡಾಲರಿಗೆ, ಒಂದು ಜೊತೆ ಕೈಗವಸಿನೊಂದಿಗೆ ಬಂದದ್ದು.
ರಟ್ಟಿಲ್ಲ. ಮೊದಲ ಪುಟದ ಮೇಲೆ ಕಾಫಿ ಲೋಟದ ಉಂಗುರ.
ಬೆಂಕಿ ಹೊತ್ತಿಸಲು ಬಂದೀತು ಎಂದುಕೊಂಡಿದ್ದೆ.
ಈ ಹೊತ್ತು ಸುಮ್ಮನೆ ತಿರುವಿದರೆ
ಪುಟ ನಲವತ್ತೊಂದರ ಅಂಚಿನಲ್ಲಿ ಪೆನ್ಸಿಲ್ಲು.
ಉಪ್ಪುನೀರಿನಲ್ಲಿ ಮೊಟ್ಟೆ ತೇಲುತ್ತದೆ ಎನ್ನುತ್ತದೆ ಅಚ್ಚು.
'ಆಗಲಿಲ್ಲ,' ಎನ್ನುತ್ತದೆ ಪೆನ್ಸಿಲ್ಲು.
'ಮಂಗಳವಾರ ಮತ್ತೆ. ಆಗಲಿಲ್ಲ.
ಸಮುದ್ರದ್ದೇ ನೀರು ತಂದೆವು. ಮುಳುಗಿತು.
ಇನ್ನೂ ಆರು ಚಮಚ ಉಪ್ಪು. ಲ್ಯೂಸಿಯನ್ ಕುಣಿಯುತ್ತಿದ್ದಾನೆ.'
ತೇಲಿತು ಎಂದು ಬರೆಯುವುದನ್ನೇ ಮರೆತಿದ್ದಾಳೆ.

ಯಾರೋ ನಾನರಿಯೆ. 'ಲ' ಅಕ್ಷರದ ಬಾಲ ಎಳೆಯುತ್ತಾಳೆ,
ಸಿಟ್ಟು ಬಂದಾಗ ಒತ್ತಿ ಬರೆಯುತ್ತಾಳೆ, ಕಾಗದ ಹರಿಯುವಷ್ಟು.
'ನನಗೂ ಗೊತ್ತಿಲ್ಲ ಅಂದೆ. ಅವನಿಗೆ ಅದೇ ಖುಷಿ.'
ಪುಟ ತೊಂಬತ್ತಾರರಲ್ಲಿ ಗಾಳಿಯ ಪಾಠದ ಪಕ್ಕ
'ಸಾಕಾಯಿತು. ಸೋಮವಾರದಿಂದ ಶಾಲೆಗೆ.'
ಆಮೇಲೆ ಅಂಚೆಲ್ಲ ಬಿಳಿ.

ಆ ಬಿಳಿಯನ್ನು ಬಹಳ ಹೊತ್ತು ನೋಡಿದೆ.
ಸೋತಳೋ, ದಣಿದಳೋ, ಕೂಸಿತ್ತೋ ಇನ್ನೊಂದು,
ಇಲ್ಲಾ ಗಂಡನ ದೋಣಿ ಆ ವರ್ಷ ಬರಿಗೈಲಿ ಬಂತೋ.
ನಾನೂ ಪುಟ ತೊಂಬತ್ತಾರರಲ್ಲಿ ನಿಂತೇನು, ಯಾರು ಕಂಡರು.

ನೀಲಿ ಕೆಂಪನ್ನು ಲಕೋಟೆಗೆ ತುರುಕಿದೆ.
ಪೆಟ್ಟಿಗೆಯನ್ನೂ ಕಳಿಸಬೇಕು. ಭೂತಗನ್ನಡಿ ಮಾತ್ರ
ಆಗಲೇ ಬಝೀಲನ ದಿಂಬಿನಡಿ ಸೇರಿದೆ,
ಅದರ ದುಡ್ಡು ಕಟ್ಟುತ್ತೇನೆ.

ಫ್ರೀಜರು ತೆರೆದು ಡಬ್ಬಿ ತೆಗೆದೆ,
ಮುಚ್ಚಳ ಬಿಚ್ಚಿ ಸಿಂಕಿನ ಪಕ್ಕ ಇಟ್ಟೆ.
ಚಿಟಿಕೆಯಷ್ಟು ಮೂಗು, ಮೀಸೆಗೆ ಹಿಮದ ಹರಳು.
ಎಷ್ಟು ಹೊತ್ತು ಹಿಡಿದೀತು? ಪುಸ್ತಕದಲ್ಲಿ ಇಲ್ಲ.
ಡ್ರಾಯರಿನಲ್ಲಿ ಪೆನ್ಸಿಲ್ ಹುಡುಕಿ, ತುದಿ ಕಚ್ಚಿ,
ಗಡಿಯಾರ ನೋಡಿ ಅಂಚಿನಲ್ಲಿ ಬರೆದೆ:
ನಾಲ್ಕು ಹತ್ತು. ಇನ್ನೂ ಗಟ್ಟಿ.