ಗೂಳಿಗಳ ಕಡವು

ರಿವೇರಾ ಬಿಟ್ಟು ನಾಲ್ಕು ತಾಸು.
ಜುಲೈ ತಿಂಗಳ ಹಿಮ ಬಯಲ ಹುಲ್ಲಿಗೆ ಉಪ್ಪು ಸವರಿದೆ.
ಲಾರಿಯ ಹಿಂದೆ ಮೂವತ್ತೆಂಟು ಜೀವ:
ಮುಂದಿನ ಕಟಕಟೆಯಲ್ಲಿ ಗೂಳಿಗಳು,
ನಡುವೆ ಕಡಸು,
ಬಾಲದ ಕಡೆಗೆ ಬೀಜ ಒಡೆಸಿಕೊಂಡ ಎತ್ತುಗಳು.
ಬೇರೆ ಬೇರೆ ನಿಲ್ಲಿಸಿದವಳು ನಾನೇ.
ಸಂಬಳ ಕೊಡುವುದು ಅದಕ್ಕೇ.

ತೊಡೆಯ ಮೇಲೆ ಐಸಿನ ಡಬ್ಬಿ,
ಅದರಲ್ಲಿ ಹತ್ತುವ ಮುಂಚಿನ ರಕ್ತ, ನಳಿಕೆಗೊಂದು ನಂಬರು.
ಸೇತುವೆಯ ಬಳಿ ಕೆಲವರದ್ದು ಇನ್ನೊಮ್ಮೆ,
ಇಳಿದ ಮೇಲೆ ಎಲ್ಲರದ್ದೂ.
ದಾರಿಯಲ್ಲಿ ಏನಾಯಿತೆಂದು
ಕಾರ್ಟಿಸಾಲ್ ಬಾಯಿ ಬಿಡುತ್ತದೆ,
ದನ ಬಿಡುವುದಿಲ್ಲ.

ಒಲೆಗಾರಿಯೊ ಸೋರೆಬುರುಡೆಯ ಕಹಿ ಕಷಾಯ ಹೀರಿ
ನನ್ನತ್ತ ಚಾಚಿದ:
"ಯಾರಿಗೆ ಜಾಸ್ತಿ ಭಯ, ಇರ್ಮಾ?
ಇಷ್ಟು ರಕ್ತ ಹಿಂಡಿದ್ದೀಯ, ಗೊತ್ತಿರಬೇಕು."

ಹೇಳಿದೆ.
ಮಿದುಳು ಕೂಗುತ್ತದೆ, ಮೂತ್ರಪಿಂಡದ ತಲೆಯ ಮೇಲಿನ
ಪುಟ್ಟ ಗ್ರಂಥಿ ಓಗೊಡುತ್ತದೆ.
ಗೂಳಿಯಲ್ಲಿ ಟೆಸ್ಟೊಸ್ಟೆರೋನ್ ಆ ಕೂಗಿನ ಬಾಯಿಗೆ
ಅಂಗೈ ಅಡ್ಡ ಹಿಡಿಯುತ್ತದೆ.
ಕಡಸಿನಲ್ಲಿ ಈಸ್ಟ್ರೋಜನ್
ಅದೇ ಕೂಗನ್ನು ಬಾವಿಯೊಳಗೆ ಕೂಗಿಸುತ್ತದೆ.
ಎತ್ತಿಗೆ ಅಂಗೈಯೂ ಇಲ್ಲ, ಬಾವಿಯೂ ಇಲ್ಲ.
ಹೀಗೆ ಪುಸ್ತಕದಲ್ಲಿದೆ.
ಪುಸ್ತಕ ಎಂದೂ ಲಾರಿ ಹತ್ತಿದ್ದಲ್ಲ.
ಗೂಳಿಯ ರಕ್ತ ತಣ್ಣಗಿದ್ದರೂ
ಚರ್ಮ ಸುಲಿದಾಗ ಪಕ್ಕೆ ತುಂಬ ಕೊಂಬಿನ ಕಪ್ಪು;
ಆ ನೋವಿಗೆ ನನ್ನ ಹಾಳೆಯಲ್ಲಿ ಬೇರೆ ಕಾಲಮ್ಮು,
ಬೇರೆಯವರು ತುಂಬುತ್ತಾರೆ.

ಅವನು ಮಾತಾಡಲಿಲ್ಲ.
ಕಿಟಕಿಯ ಗಾಜು ಇಳಿಸಿದ.
ಹಿಮ ಒಳಗೆ ನುಗ್ಗಿತು. ಅವನ ಹಣೆಯಲ್ಲಿ ಬೆವರು.
"ನನಗೂ ಸೂಜಿ," ಅಂದ ರಸ್ತೆಗೆ,
"ಮೂರು ತಿಂಗಳಿಗೊಂದು, ಹೊಟ್ಟೆಗೆ.
ಪ್ರಾಸ್ಟೇಟಿನಲ್ಲಿ ಗಂಟು. ಅದಕ್ಕೆ ಉಣ್ಣಲು ಸಿಗಬಾರದಂತೆ
ನಿನ್ನ ಆ ಅಂಗೈ.
ಮೂವತ್ತೊಂದು ವರ್ಷ ಮುಂದಿನ ಕಟಕಟೆಯವನು ನಾನು.
ಈಗ ಹವಾಮಾನ ವರದಿ ಕೇಳಿ ಅಳುತ್ತೇನೆ.
ಸಾಲ್ತೋದಲ್ಲಿ ತುಂತುರು ಅಂದರೂ ಅಳು."

ನಾನೂ ನನ್ನ ಕಡೆಯ ಗಾಜು ಇಳಿಸಿದೆ.
ಐವತ್ತೆರಡು ನನಗೆ. ಕುತ್ತಿಗೆಯಿಂದ ಏರುವ ಬೆಂಕಿಗೆ
ಯಾರ ಅಪ್ಪಣೆಯೂ ಬೇಕಿಲ್ಲ.
ಬಾವಿ ಬತ್ತಿದವಳು ಅಂತ ಬಾಯಿಬಿಟ್ಟು ಹೇಳಲಿಲ್ಲ,
ಅವನು ಕೇಳಲಿಲ್ಲ.
ಎರಡೂ ಕಿಟಕಿ ತೆರೆದ ಲಾರಿ
ಸೊನ್ನೆ ಡಿಗ್ರಿಯಲ್ಲಿ ಹೋಗುತ್ತಿತ್ತು.

ಪಾಸೊ ದೆ ಲೋಸ್ ತೋರೋಸ್. ಗೂಳಿಗಳ ಕಡವು.
ಹಿಂದೊಮ್ಮೆ ಇಲ್ಲಿ ಹೊಳೆಗೆ
ಮೊದಲು ಗೂಳಿಗಳನ್ನೇ ಇಳಿಸುತ್ತಿದ್ದರಂತೆ,
ಉಳಿದವು ಹಿಂಬಾಲಿಸಲೆಂದು.
ಒಲೆಗಾರಿಯೊ ಸೇತುವೆಗೆ ನೂರು ಗಜ ಇರುವಾಗಲೇ
ಬ್ರೇಕು ಒತ್ತಿದ. ಕೈ ನಡುಗುತ್ತಿತ್ತು.
"ಹೋದ ವಾರದಿಂದ. ಬರೀ ನೀರು ಅದು, ನನಗೆ ಗೊತ್ತು."

ಟಾರ್ಚು ಬಾಯಲ್ಲಿ ಕಚ್ಚಿ, ಕಂಬಿಗಳ ಸಂದಿನಲ್ಲಿ
ಕೈಗೆಟಕಿದ ಬಾಲ ಎತ್ತಿ ಸೂಜಿ ಚುಚ್ಚಿದೆ.
ಇಪ್ಪತ್ತೊಂಬತ್ತು, ಮೂವತ್ತು.
ಮೂವತ್ತೊಂದನೆಯ ಎತ್ತು ಏರಿಗೂ ಎಳೆಯಲಿಲ್ಲ, ನೀರಿಗೂ ಎಳೆಯಲಿಲ್ಲ,
ನಿಂತಲ್ಲೇ ಅದುರುತ್ತಿತ್ತು,
ಒಡೆದ ಸಗಣಿ ಕಾಲ ಮೇಲೆ ಹರಿಯುತ್ತ.
ಒಲೆಗಾರಿಯೊ ಬಂದು ಅದರ ಪಿರ್ರೆಯ ಮೇಲೆ
ಕೈಯಿಟ್ಟು ನಿಂತ. ಬಹಳ ಹೊತ್ತು.
ಮುಟ್ಟಬಾರದು, ಲೆಕ್ಕ ಕೆಡುತ್ತದೆ ಎನ್ನಬೇಕಿತ್ತು ನಾನು.
ಪೆನ್ನಿನ ಮುಚ್ಚಳ ಹುಡುಕಿದೆ.

"ಒಂದು ನಳಿಕೆ ಮಿಕ್ಕಿದೆಯಾ?" ಅಂದ.
ತೋಳು ಮಡಿಚಿದ.
ಒಳ್ಳೆಯ ನರ. ದನಕ್ಕಿಂತ ಸುಲಭ.

ಅದಕ್ಕೆ ಚೀಟಿ ಅಂಟಿಸಲಿಲ್ಲ.
ಸೇತುವೆಯ ಹಲಗೆಗಳು ಚಕ್ರದಡಿ ಒಂದೊಂದೇ ಕೂಗುವಾಗ
ಡಬ್ಬಿಯೊಳಗೆ ಕೈ ಹಾಕಿ ನೋಡಿದೆ:
ಐಸಿನ ನಡುವೆ ಅದೊಂದು
ಇನ್ನೂ ಬೆಚ್ಚಗಿತ್ತು.