ಅರ್ತು

ಹೆಡ್‌ಲೈಟು ಇಲ್ಲವೇ ಇಲ್ಲ.
ಬ್ರೇಕ್ ಒತ್ತಿದರೆ ಇಂಡಿಕೇಟರು ಮಿಣುಕುತ್ತದೆ.
ಹಿಂದೆ ಹದಿನೆಂಟು ಕ್ರೇಟು ಬಂಗಡೆ.
ಬೈತಖೋಲದ ಜೆಟ್ಟಿಯಲ್ಲಿ ಮಂಕಾಳಕ್ಕ
ಗಡಿಯಾರ ನೋಡುವುದಿಲ್ಲ,
ಐಸಿನಿಂದ ಇಳಿಯುವ ಹನಿ ನೋಡುತ್ತಾಳೆ.
ಬೆಳಕು ಹರಿಯುವ ಮೊದಲು ಅರಬೈಲು ಹತ್ತಬೇಕು.

ಜೂಜೆ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ
ಸ್ವಿಚ್ಚಿನ ಬೆನ್ನಿನಿಂದ ಕನೆಕ್ಟರು ಕಿತ್ತ.
ಬಿಳಿ ಪ್ಲಾಸ್ಟಿಕ್ಕು, ಆರು ಕಣ್ಣು.
ಒಂದರಲ್ಲಿ ಪಿನ್ನು ಹಿಂದಕ್ಕೆ ಸರಿದು ಕೂತಿದೆ
ಬಿಲದ ಏಡಿಯ ಹಾಗೆ.
ನನ್ನ ಕೈಯಲ್ಲಿ ಟಾರ್ಚು.

"ಕೆಂಪು ಬ್ಯಾಟರಿಯಿಂದ ಬಂದದ್ದು, ಅದು ಸರಿ.
ಉಳಿದ ಬಣ್ಣ ನಂಬಬೇಡ.
ಹಳದಿಗೆ ಹಸಿರು ಕಟ್ಟಿದ್ದಾನೆ ಯಾವನೋ,
ಅಂಕೋಲೆಯವನೋ, ಮಾಜಾಳಿಯವನೋ.
ಅವನಿಗೂ ಅವತ್ತು ಅರ್ಜೆಂಟಿತ್ತು ಕಾಣ್ತದೆ."

ಹನ್ನೊಂದು ವರ್ಷ ಈ ಗುಂಡಿ ಒತ್ತಿದವ ನಾನು.
ಗುಂಡಿ ದೀಪ ಹಚ್ಚುವುದಿಲ್ಲವಂತೆ.
ರಿಲೇಗೆ ಹೂಂ ಅನ್ನುತ್ತದಂತೆ, ಅಷ್ಟೇ.
ಆಮೇಲೆ ಒಳಗೆಲ್ಲೋ ಟಕ್.

ಟೆಸ್ಟ್ ಲ್ಯಾಂಪಿನ ಮೊನೆ ಒಂದೊಂದೇ ಕಣ್ಣಿಗೆ.
ಬಂತು. ಬಂತು. ಇಲ್ಲ. ಬಂತು.
ಪಿನ್ನನ್ನು ಮುಂದೆ ನೂಕಿ ಚಿಟಕ್ಕನೆ ಕೂರಿಸಿದ,
ಎದುರಿನ ಬಲೆಗಳ ರಾಶಿಯೆಲ್ಲ ಬೆಳ್ಳಗಾಯಿತು.
ಹಿಂದಿನ ದೀಪಕ್ಕೆ ಮಾತ್ರ ಅದೇ ಹುಚ್ಚು.

"ಕರೆಂಟು ಹೋಗ್ತದೆ, ತಿರುಗಿ ಬರಲಿಕ್ಕೆ ದಾರಿಯಿಲ್ಲ.
ಅರ್ತಿಲ್ಲ ಮಾರಾಯ, ಅರ್ತಿಲ್ಲ."
"ಅರ್ಥ ಯಾರಿಗೆ ಬೇಕೋ! ಲೈಟು ಹತ್ತಿತಲ್ಲ, ನಡಿ!"
ಮಂಕಾಳಕ್ಕನ ಬೊಬ್ಬೆಗೆ ಅವನು ನಗಲಿಲ್ಲ.
ಟಾರ್ಚು ಕಸಿದುಕೊಂಡು ಹಿಂದಿನ ಚಕ್ರದ ಅಡಿಗೆ ತೂರಿದ.

ಚಾಸಿಗೆ ಬಿಗಿದ ಕಪ್ಪು ವೈರು,
ತುದಿಯಲ್ಲಿ ಹಸಿರು ಕಿಲುಬು.
ಎಷ್ಟು ಸೀಸನ್ನಿನ ಐಸು ತೊಟ್ಟಿಕ್ಕಿತ್ತೋ ಅಲ್ಲಿ,
ನಾನೇ ಹೊತ್ತು ತಂದ ಉಪ್ಪು.
ತನ್ನ ದಾರಿ ಮುಚ್ಚಿದ್ದಕ್ಕೆ ಕರೆಂಟು
ಪಕ್ಕದ ಮನೆ ಅಂಗಳ ದಾಟಿ ಹೋಗುತ್ತಿತ್ತಂತೆ,
ಹೋಗುವಾಗ ಅಲ್ಲಿ ಆ ಮಿಣುಕು.

ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ. ತಾಮ್ರ ಕಂಡಿತು,
ಈಗಷ್ಟೇ ಹಿಡಿದ ಮೀನಿನ ಕಿವಿರಿನ ಬಣ್ಣ.
ಬೋಲ್ಟು ಬಿಗಿದು ಗ್ರೀಸು ಮೆತ್ತಿದ.
ಬ್ರೇಕ್ ಒತ್ತಿದೆ. ಐಸ್ ಪ್ಲಾಂಟಿನ ಗೋಡೆಯ ಮೇಲೆ
ಕೆಂಪು. ಕೆಂಪು ಮಾತ್ರ.

ಮುನ್ನೂರು ಅಂದ. ಮಂಕಾಳಕ್ಕ ಇನ್ನೂರು ಕೊಟ್ಟು
ಬಾನೆಟ್ಟಿನ ಮೇಲೆ ನಾಲ್ಕು ಬಂಗಡೆ ಇಟ್ಟಳು.

ಅರಬೈಲಿನ ಮೂರನೆಯ ತಿರುವು.
ಎದುರಿಗೆ ಗಾಡಿಯಿಲ್ಲ, ಅವಳಿಗೆ ನಿದ್ದೆ.
ಸುಮ್ಮನೆ ಒಮ್ಮೆ ಲೈಟು ಆರಿಸಿ ಹಾಕಿದೆ,
ಆ ಟಕ್ ಕೇಳಲಿಕ್ಕೆ.